ಲಗಮಣ್ಣ ಸಿಂಗರಿಸಿದ ಬದನೆ ಮಡಿ

ಬೇಡಕಿಹಾಳದ ಕಸ್ತೂರೆವ್ವನಿಗೆ ಗಂಡ ಲಗಮಣ್ಣನ ಮೇಲೆ ಸಿಟ್ಟು ಬರುತ್ತಿದ್ದುದೇ ಅಪರೂಪ. ಸಿಟ್ಟು ಮಾಡಿಕೊಳ್ಳಬೇಕಾದರೂ ಎದುರಿನ ಮನುಷ್ಯ ಒಂದಿಷ್ಟು ಲೆಕ್ಕಕ್ಕಿರಬೇಕಲ್ಲ! ಹನ್ನೆರಡು ಎಕರೆ ಕಬ್ಬಿನ ಒಡೆಯ ಅವನು. ನೀರು ಬಿಡುವುದಕ್ಕೂ ಆಳು, ಗೊಬ್ಬರ ಹಾಕುವುದಕ್ಕೂ ಆಳು. ಅವನ ಪಾಲಿಗಿದ್ದದ್ದು ಕಟ್ಟೆಯ ಮೇಲೆ ಕೂತು ಮೀಸೆ ತೀಡುವ ಕೆಲಸ. ಮನೆಯ ಹಿಂದೆ ಹೆಂಡತಿ ಬೆಳೆಸುವ ಕಾಯಿಪಲ್ಲೆಯ ಮಡಿಗಳತ್ತ ಮೂವತ್ತು ವರ್ಷ ಅವನು ಇಣುಕಿದವನಲ್ಲ. ಊಟಕ್ಕೆ ಕೂತಾಗ ಮಾತ್ರ ಎಣ್ಣೆಗಾಯಿ ಎಲ್ಲಿ ಎಂದು ಕೇಳುತ್ತಿದ್ದ.

ಆ ಮಡಿಗಳ ಮೇಲೆ ಅವನ ಕಣ್ಣು ಬಿದ್ದದ್ದು ಕರೋಶಿಯ ಗೆಳೆಯ ಭೀಮಸಿಯ ದೆಸೆಯಿಂದ. ಭೀಮಸಿ ತನ್ನ ಹಿತ್ತಲಿಗೆ ಬಣ್ಣದ ಟೈರು ಇಟ್ಟು, ಮೊಬೈಲಿನಲ್ಲಿ ವಿಡಿಯೋ ಹಾಕಿ, ನೂರಾರು ಜನರಿಂದ ಭಲೆ ಅನ್ನಿಸಿಕೊಂಡಿದ್ದ. ಲಗಮಣ್ಣನಿಗೆ ಹೊಟ್ಟೆ ಉರಿಯಿತು. ಮರುದಿನವೇ ಟ್ರ್ಯಾಕ್ಟರಿನ ಹಳೆಯ ಟೈರುಗಳಿಗೆ ಗುಲಾಬಿ ಬಣ್ಣ ಬಿತ್ತು. ಮೆಂತ್ಯದ ಸುತ್ತ ಖಾಲಿ ಬಾಟಲಿಗಳನ್ನು ತಲೆಕೆಳಗಾಗಿ ಊರಿಸಿದ. ಬಾಟಲಿಗಳಿಗೇನೂ ಬರ ಇರಲಿಲ್ಲ, ಖಾಲಿ ಮಾಡಿದವನು ಅವನೇ. ಹೀರೆಯ ಬಳ್ಳಿಗೆ ಮದುವೆ ಮಂಟಪದ ಕಮಾನು ಬಂತು. ನಿಪ್ಪಾಣಿಯಿಂದ ಟೆಂಪೋದಲ್ಲಿ ಎರಡು ಸಿಮೆಂಟಿನ ಕೊಕ್ಕರೆಗಳೂ ಬಂದವು.

"ಇವು ಏನ್ ತಿಂತಾವ್ರಿ?" ಕಸ್ತೂರೆವ್ವ ಕೇಳಿದಳು.

"ತಿನ್ನಂಗಿಲ್ಲ. ಚಂದಕ್ಕ ಇಡೂದು."

"ಹಂಗಾದ್ರ ನಮ್ಮ ಮನ್ಯಾಗ ಮದ್ಲ ಇರೂ ಕೊಕ್ಕರಿಗಿಂತ ಇವ ಚಲೋ ಅದಾವು ಬಿಡ್ರಿ."

ಅವನಿಗೆ ಅದು ತಲೆಗೆ ಹೋಗಲಿಲ್ಲ.

ಅವನು ಹೇಗೆ ಬೇಕಾದರೂ ಕುಣಿಯಲಿ, ಮೂಲೆಯ ಬದನೆಯ ಮಡಿಗೆ ಕೈ ಹಚ್ಚದಿದ್ದರೆ ಸಾಕೆಂದು ಅವಳು ಸುಮ್ಮನಿದ್ದಳು. ಅದು ಕಬ್ಬೂರಿನ ತವರಿನ ಬೀಜ. ಮದುವೆಯಾಗಿ ಬರುವಾಗ ಅವ್ವ ಸೆರಗಿಗೆ ಗಂಟು ಕಟ್ಟಿ ಕೊಟ್ಟದ್ದು. ಅವ್ವ ಈಗಿಲ್ಲ, ತವರಿನವರೂ ಅಂಗಡಿಯ ಪೊಟ್ಟಣದ ಬೀಜಕ್ಕೆ ಹೋಗಿದ್ದಾರೆ. ಹೋದ ವರ್ಷ ಗಡಿಗೆಯ ಬೀಜಕ್ಕೆ ಹುಳ ಬಿದ್ದು, ಅಳಿದುಳಿದದ್ದನ್ನೆಲ್ಲ ಬಿತ್ತಿದರೂ ಎದ್ದು ನಿಂತದ್ದು ಐದೇ ಗಿಡ. ಈಗ ಅವೂ ಮುಪ್ಪಾಗಿ ಎಲೆ ಉದುರಿಸುತ್ತಿದ್ದವು. ಗಿಡಕ್ಕೊಂದು ಒಳ್ಳೆಯ ಕಾಯಿ ಉಳಿಸಿ, ತೊಟ್ಟಿಗೆ ಕೆಂಪು ಚಿಂದಿ ಕಟ್ಟಿದ್ದಳು. ಚಿಂದಿ ಕಟ್ಟಿದ ಕಾಯಿ ಬೀಜಕ್ಕೆ ಬಿಟ್ಟದ್ದು, ಹಣ್ಣಾಗಿ ಹಳದಿಗೆ ತಿರುಗುವ ತನಕ ಯಾರೂ ಮುಟ್ಟಬಾರದು. ಇದು ಓಣಿಯ ಸಣ್ಣ ಹುಡುಗಿಯರಿಗೂ ಗೊತ್ತು. ಲಗಮಣ್ಣನಿಗೆ ಅವಳು ಎರಡು ಸಲ ಹೇಳಿದ್ದಳು.

ಭೀಮಸಿ ಊಟಕ್ಕೆ ಬರುವ ದಿನ ಅವಳು ಗಿರಣಿಗೆ ಹೋಗಿ ಹಿಟ್ಟು ಬೀಸಿಸಿಕೊಂಡು ಬಂದಳು. ಅಷ್ಟರಲ್ಲಿ ಬದನೆಯ ಗಿಡಗಳಿದ್ದ ಜಾಗದಲ್ಲಿ ಚೆಂಡುಹೂವಿನ ಕುಂಡಗಳು ಕೂತಿದ್ದವು. ಐದು ಕಾಯಿಗಳು ಅಡುಗೆಮನೆಯ ಬುಟ್ಟಿಯಲ್ಲಿದ್ದವು.

"ಬೀಜಕ್ಕ ಬಿಟ್ಟಿದ್ನಲ್ರೀ!"

"ಒಣಗಿದ ಗಿಡ, ಮ್ಯಾಲ ಹೊಲಸ ಚಿಂದಿ. ಚಂದ ಕಾಣ್ತಿರಲಿಲ್ಲ, ಕಿತ್ತೆ. ಬೀಜ ಎಲ್ಲಿ ಹೋಗೇತಿ? ಕಾಯಿ ಒಳಗ ಐತಿ. ಕಬ್ಬಿನ ಬೀಜಾನೂ ಕಡದ ಹಚ್ತೀವಲ್ಲ? ತುಂಡ ಮಾಡಿ ಊರು, ಬರ್ತೈತಿ."

ಕಬ್ಬಿನವನಿಗೆ ಬೀಜವೆಂದರೆ ಗಣ್ಣಿರುವ ಹಸಿ ಕಬ್ಬಿನ ತುಂಡು. ಕಡಿ, ಊರು, ನೀರು ಬಿಡು. ಅದರಾಚೆ ಭೂಮಿಯ ಮೇಲೆ ಇನ್ನೊಂದು ಬೆಳೆ ಇದೆಯೆಂಬುದು ಈ ಮಹಾರಾಯನಿಗೆ ಐವತ್ತೆಂಟು ವರ್ಷವಾದರೂ ತಿಳಿದಿರಲಿಲ್ಲ.

ಅವಳು ಒಂದು ಕಾಯಿ ಸೀಳಿ ನೋಡಿದಳು. ಬೀಜಗಳೆಲ್ಲ ಬೆಳ್ಳಗೆ, ಉಗುರು ತಾಗಿದರೆ ನೀರಾಗುವಷ್ಟು ಎಳೆಯವು, ಮೊಳೆಯುವಂಥವಲ್ಲ. ಕಣ್ಣು ತುಂಬಿತು. ಇಂಥವನ ಮುಂದೆ ಅಳುವುದಕ್ಕೆ ನಾಚಿಕೆಯಾಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಐದೂ ಕಾಯಿಗಳಿಗೆ ಶೇಂಗಾಪುಡಿ, ಮಸಾಲೆ ತುಂಬಿ ಒಲೆಯ ಮೇಲಿಟ್ಟಳು.

ಭೀಮಸಿ ಕೊಕ್ಕರೆಗಳನ್ನು ನೋಡಿ "ಲಯ್ ಭಾರಿ" ಎಂದು ಮರಾಠಿಯಲ್ಲಿ ಹೊಗಳಿದ. ಲಗಮಣ್ಣ ಉಬ್ಬಿಹೋದ. ಊಟಕ್ಕೆ ಕೂತ ಮೇಲೆ ಎಣ್ಣೆಗಾಯಿ ಬಾಯಿಗಿಟ್ಟವನೇ ಕಣ್ಣು ಮುಚ್ಚಿದ.

"ಇಂಥಾ ಬದ್ನಿಕಾಯಿ ಯಾವ ಪ್ಯಾಟ್ಯಾಗೂ ಸಿಗಂಗಿಲ್ಲೋ ಭೀಮಸಿ. ಮುಂದಿನ ವರ್ಷ ಎಲ್ಡ ಮಡಿ ಇದನ್ನ ಹಚ್ಚಸ್ತೀನಿ ನೋಡು."

ಕಸ್ತೂರೆವ್ವ ಉಳಿದಿದ್ದ ಕಡೆಯ ಕಾಯಿಯನ್ನು ತಂದು ಅವನ ತಾಟಿಗೆ ಹಾಕಿದಳು.

"ತಿನ್ರಿ. ನಮ್ಮವ್ವನ ಬೀಜ ಇಲ್ಲಿಗೆ ಮುಗೀತು."

ಲಗಮಣ್ಣ ತಲೆ ಎತ್ತದೆ, "ಇನ್ನೊಂದ ರೊಟ್ಟಿ ಹಾಕು" ಎಂದ.