ನಿವಾಳಿಸಿ ಎಸೆದ ಫ್ಯಾನು

ಕೆಟ್ಟ ಕಣ್ಣು ತಗಲುವುದು, ನಿವಾಳಿಸಿ ಎಸೆದರೆ ಅದು ಬಿಟ್ಟುಹೋಗುವುದು, ಇವನ್ನೆಲ್ಲ ನಾನು ನಂಬುತ್ತಿದ್ದವಳಲ್ಲ. ನಮ್ಮ ದೊಡ್ಡಮ್ಮ ಬೀದಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಉಪ್ಪು ಮೆಣಸಿನಕಾಯಿ ನಿವಾಳಿಸುವಾಗ ಪಕ್ಕದಲ್ಲಿ ನಿಂತು ನಕ್ಕವಳು. ಈಗಲೂ ನಂಬುತ್ತೇನೆ ಎಂದು ಎದೆ ತಟ್ಟಿ ಹೇಳಲಾರೆ. ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿಮಗೇನಾದರೂ ತೋಚಿದರೆ ನನಗೂ ತಿಳಿಸಿ.

ಚಾಮರಾಜಪುರಂನ ಮನೆಯಲ್ಲಿ ನಾನು, ದೊಡ್ಡಮ್ಮ ಇಬ್ಬರೇ. ನಾನು ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ದೊಡ್ಡಮ್ಮ ಹೇಳುತ್ತಿದ್ದ ಕಥೆಗಳನ್ನು ಬರೆದಿಟ್ಟಿದ್ದೆ. ನಜರ್‌ಬಾದಿನಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದ ಒಬ್ಬರು ಅವನ್ನು ಆಡಿಯೋ ಪುಸ್ತಕ ಮಾಡುತ್ತೇವೆಂದರು. ಓದುವವಳು ನಾನೇ, ಮನೆಯ ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಿ ಒಯ್ದು ಕೊಡುವುದು ಎಂದು ಮಾತಾಯಿತು. ಕಥೆಗಳ ಹಸ್ತಪ್ರತಿಯನ್ನು ಆಗಲೇ ಅವರ ಕೈಗೆ ಕೊಟ್ಟಿದ್ದೆ. ದೊಡ್ಡಮ್ಮನ ಗಂಟಲು ಅಷ್ಟರಲ್ಲಿ ಪೂರಾ ಸೋತಿತ್ತು. ಅವಳು ಎಲ್ಲಿ ತಡೆದು, ಎಲ್ಲಿ ದನಿ ಇಳಿಸುತ್ತಿದ್ದಳೆಂಬುದು ಉಳಿದಿದ್ದದ್ದು ನನ್ನ ನಾಲಿಗೆಯ ಮೇಲೆ ಮಾತ್ರ. ಅವಳು ಕಣ್ಣೆದುರಿಗೆ ಇರುವಾಗಲೇ ಅದು ಒಂದು ಕಡೆ ನೆಲೆ ನಿಲ್ಲಲಿ ಎನ್ನುವುದೊಂದೇ ನನ್ನ ಆಸೆ.

ಆ ಸ್ಟುಡಿಯೋದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಬಾಯಿಬಿಟ್ಟು ಹೇಳಿ ಆದದ್ದು ಸಾಕು.

ಮೊದಲ ಕಥೆ ಒಯ್ದು ಕೊಟ್ಟ ದಿನ ಅಲ್ಲಿ ಇನ್ನೂ ನಾಲ್ಕೈದು ಜನ ಕೂತಿದ್ದರು. ಸ್ಟುಡಿಯೋದ ಮನುಷ್ಯ ಅದನ್ನು ದೊಡ್ಡ ಸ್ಪೀಕರಿಗೇ ಹಾಕಿದರು. ನನ್ನ ದನಿಯ ಹಿಂದೆ ಕಂಪ್ಯೂಟರಿನ ಫ್ಯಾನು, ಕಿರ್ರ್, ಕಿರ್ರ್, ಆಮೇಲೊಂದು ಟಕ್. ಒಂದು ಗಳಿಗೆ ಉಸಿರು ಹಿಡಿದಂತೆ ನಿಂತು, ಮತ್ತೆ ಕಿರ್ರ್, ಕಿರ್ರ್, ಟಕ್.

"ಕೇಳ್ರಪ್ಪಾ ಎಲ್ರೂ. ಮೇಡಂ ಕಥೆ ಹೇಳೋಕೆ ರಾಗಿ ಮಿಷನ್ನೇ ತಂದ್ಬುಟ್ಟವ್ರೆ!" ಎಂದರು. ಎಲ್ಲರೂ ನಕ್ಕರು. "ಹಿಟ್ಟು ಬೀಸೋದು ನಿಲ್ಸಿ ಬನ್ನಿ ಮೇಡಂ. ಎಂಟು ದಿನ ಟೈಮು. ಆಗ್ಲಿಲ್ಲ ಅಂದ್ರೆ ಬೇರೆಯವ್ರು ಓದ್ತಾರೆ."

ನಲವತ್ತು ಮಕ್ಕಳ ತರಗತಿಯನ್ನು ಒಂದು ನೋಟದಲ್ಲಿ ಸುಮ್ಮನಾಗಿಸುತ್ತಿದ್ದವಳು ಬಸ್ ಸ್ಟಾಪಿನಲ್ಲಿ ನಿಂತು ಕಣ್ಣು ಒರೆಸಿಕೊಂಡೆ.

ಹೊಸ ಕಂಪ್ಯೂಟರು ಕೊಳ್ಳುವಷ್ಟು ಅನುಕೂಲ ನನಗಿರಲಿಲ್ಲ. ಇದ್ದದ್ದರದೇ ಬಾಯಿ ಮುಚ್ಚಿಸಬೇಕಿತ್ತು. ಕಂಪ್ಯೂಟರ್ ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿ, ಬಣ್ಣ ಹಚ್ಚುವ ಬ್ರಷ್ಷಿನಿಂದ ಧೂಳು ತೆಗೆದೆ. ದೇವರ ಗೂಡಿನಲ್ಲೂ ಅಷ್ಟು ಬೂದಿ ಇದ್ದಿರಲಾರದು. ಸೈಕಲ್ ಟ್ಯೂಬು ಕತ್ತರಿಸಿ ಹಾರ್ಡ್ ಡಿಸ್ಕಿನ ಸ್ಕ್ರೂಗಳ ಕೆಳಗೆ ಕೊಟ್ಟೆ. ಡಬ್ಬವನ್ನು ಮೇಜಿನಿಂದ ಇಳಿಸಿ, ತೆಂಗಿನ ನಾರಿನ ಮ್ಯಾಟನ್ನು ಮಡಿಸಿ ಅದರ ಮೇಲೆ ಕೂರಿಸಿದೆ. ಫ್ಯಾನಿನ ನಡುವೆ ಅಂಟಿಸಿದ್ದ ಚೀಟಿ ಎಬ್ಬಿಸಿ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟೆ. ಉಳಿದದ್ದೆಲ್ಲ ಅಡಗಿತು, ಆ ಕಿರ್ರ್ ಮಾತ್ರ ಹೋಗಲಿಲ್ಲ. ನೋಡಿದರೆ ಫ್ಯಾನಿನ ಒಂದು ರೆಕ್ಕೆಯ ತುದಿಯೇ ಮುರಿದಿತ್ತು. ರಿಪೇರಿ ಅಂಗಡಿಯ ಗುಜರಿ ಡಬ್ಬಿಯಲ್ಲಿ ಅದೇ ಅಳತೆಯದೊಂದನ್ನು ಹುಡುಕಿ ತಂದು ಹಾಕಿದೆ. ಆನ್ ಮಾಡಿದರೆ ಆನ್ ಆಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಅಂಥ ಮೌನ.

ಆರನೆಯ ದಿನಕ್ಕೇ ಹೊಸ ರೆಕಾರ್ಡಿಂಗ್ ಹಿಡಿದು ಹೋದೆ. ಅವರು ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. ಗಾಜಿನ ಆಚೆ ಯಾರೋ ಹುಡುಗಿ ಮೈಕಿನ ಮುಂದೆ ಕೂತು ದೊಡ್ಡಮ್ಮನ ಕಥೆಯನ್ನು ರೈಲಿನ ಪ್ರಕಟಣೆಯ ಹಾಗೆ ಓದುತ್ತಿದ್ದಳು.

"ಬುಡಿ ಮೇಡಂ, ಬೇಜಾರು ಮಾಡ್ಕೋಬೇಡಿ. ಕಥೆಗೆ ನಿಮ್ ಹೆಸ್ರು ಹಾಕ್ತೀವಲ್ಲ. ದನಿ ಸ್ವಲ್ಪ ಫ್ರೆಶ್ ಆಗಿರ್ಲಿ ಅಂತ."

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮುರುಕು ಫ್ಯಾನು ಕಣ್ಣಿಗೆ ಬಿತ್ತು. ನನಗೆ ಏನು ಬಂತೋ ಕಾಣೆ. ಒಂದು ಹಿಡಿ ಉಪ್ಪು, ಸಾಸಿವೆ, ಮೂರು ಒಣಮೆಣಸಿನಕಾಯಿ ಜೊತೆಗೆ ಅದನ್ನೂ ಕೈಯಲ್ಲಿ ಹಿಡಿದು ಕಂಪ್ಯೂಟರಿಗೆ ಮೂರು ಸುತ್ತು ನಿವಾಳಿಸಿದೆ. ದೊಡ್ಡಮ್ಮ ಹೇಳುವುದು "ನಾಯಿ ಕಣ್ಣು, ನರಿ ಕಣ್ಣು, ಹಾದೀಲಿ ಹೋಗೋರ ಕಣ್ಣು" ಅಂತ ಅಷ್ಟೇ, ಯಾರ ಹೆಸರನ್ನೂ ಹಿಡಿಯುವುದಿಲ್ಲ. ನಾನು ಆ ಮನುಷ್ಯನ ಹೆಸರನ್ನು, ಅವರಪ್ಪನ ಹೆಸರು ಸಮೇತ, ಮೂರು ಸಲ ಹೇಳಿದೆ. "ಈ ಸದ್ದು ನಿನ್ನ ಕಿವಿಗೇ ಹತ್ತಿಕೊಳ್ಳಲಿ" ಎಂದೆ. ಎಲ್ಲವನ್ನೂ ಪೇಪರಿನಲ್ಲಿ ಕಟ್ಟಿ, ಮೂರು ದಾರಿ ಕೂಡುವಲ್ಲಿ ಇಟ್ಟು, ತಿರುಗಿ ನೋಡದೆ ಬಂದೆ.

ದೊಡ್ಡಮ್ಮ ಬಾಗಿಲಲ್ಲೇ ಇದ್ದಳು. ಉಳಿದಿದ್ದ ಚೂರು ದನಿಯಲ್ಲಿ, "ಹೆಸ್ರು ಹಿಡಿದ್ಯೇನೇ?" ಎಂದಳು.

"ಹೂಂ. ಹಿಡಿದೆ."

"ಅಂಗೆಲ್ಲ ಹಿಡೀಬಾರ್ದು ಕಣೇ. ಕಳ್ಸೋದು ಸುಲ್ಭ. ವಾಪಸ್ ಕರ್ಯೋದು ಎಂಗೆ ಅಂತ ನಮ್ಮವ್ವನೂ ಹೇಳ್ಕೊಟ್ಟಿಲ್ಲ."

ನಾನು ಕಾಲು ತೊಳೆದುಕೊಂಡು ಒಳಗೆ ಹೋದೆ.

ಮೂರು ವಾರ ಕಳೆದಿರಬಹುದು. ಸ್ಟುಡಿಯೋದವರೇ ಫೋನ್ ಮಾಡಿದರು. ದಯವಿಟ್ಟು ಒಂದು ಸಲ ಬಂದು ಹೋಗಿ ಎಂದರು. ಮಧ್ಯಾಹ್ನ ಹೋದೆ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿತ್ತು. ಸ್ಟುಡಿಯೋದಲ್ಲಿ ಬೇರೆ ಯಾರೂ ಇರಲಿಲ್ಲ.

"ನಿಮ್ ಸದ್ದು ನನ್ ರೆಕಾರ್ಡಿಂಗ್‌ನಲ್ಲಿ ಬಂದ್ಬುಟ್ಟದೆ ಮೇಡಂ. ಯಾರ್ ಓದಿದ್ರೂ ಬರುತ್ತೆ. ಮೈಕ್ ಬದ್ಲಾಯ್ಸ್ದೆ, ವೈರ್ ಬದ್ಲಾಯ್ಸ್ದೆ. ಆ ಹುಡುಗಿ ಕೇಳಿಸ್ತಿಲ್ಲ ಸಾರ್ ಅಂತಾಳೆ. ರಿಪೇರಿಯವ್ರು ಕಿವಿ ಡಾಕ್ಟ್ರಿಗೆ ತೋರ್ಸಿ ಅಂತಾರೆ. ಮನೇಲಿ ನಂಗೆ ತಲೆ ಕೆಟ್ಟದೆ ಅಂತಾವ್ರೆ. ನಿಮಗಾದ್ರೆ ಅದರ ಗುರ್ತಿದೆ. ನೀವೊಬ್ರು ಕೇಳಿ ಹೇಳ್ಬುಡಿ, ಸಾಕು."

ಮೇನ್ ಸ್ವಿಚ್ಚು ಇಳಿಸಿದರು. ದೀಪ, ಕಂಪ್ಯೂಟರು ಎಲ್ಲವೂ ಆರಿದವು. ಅವರ ಕೈಯಲ್ಲಿದ್ದದ್ದು ಬ್ಯಾಟರಿಯ ಪುಟ್ಟ ರೆಕಾರ್ಡರ್ ಒಂದೇ. ಖಾಲಿ ಕೋಣೆಯ ನಡುವೆ ಅದನ್ನಿಟ್ಟು ಒಂದು ನಿಮಿಷ ರೆಕಾರ್ಡ್ ಮಾಡಿ, ಅದನ್ನು ಹಾಕಿ ಹೆಡ್‌ಫೋನನ್ನು ನನ್ನ ಕಿವಿಗೆ ಕೊಟ್ಟರು.

ಕಿರ್ರ್, ಕಿರ್ರ್, ಟಕ್. ಒಂದು ಗಳಿಗೆ ಮೌನ. ಮತ್ತೆ ಕಿರ್ರ್, ಕಿರ್ರ್, ಟಕ್.

ಅದು ನನ್ನದೇ ಫ್ಯಾನು. ತಿಂಗಳುಗಟ್ಟಲೆ ಅದರ ಪಕ್ಕದಲ್ಲಿ ಕೂತವಳಿಗೆ ಗುರುತು ತಪ್ಪುವುದುಂಟೇ?

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಕೇಳಿಸ್ತಲ್ವಾ ಮೇಡಂ?"

ನಾನು ಹೆಡ್‌ಫೋನ್ ತೆಗೆದು ನಿಧಾನವಾಗಿ ಮೇಜಿನ ಮೇಲಿಟ್ಟೆ.

"ಇಲ್ವಲ್ಲ ಸಾರ್," ಎಂದೆ. "ಏನೂ ಕೇಳಿಸ್ಲಿಲ್ಲ."

ಆ ಮನುಷ್ಯ ಕುರ್ಚಿಯಲ್ಲಿ ಕುಸಿದ ಬಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಸುಳ್ಳೇಕೆ, ಆಗ ನನಗೆ ಹೊಟ್ಟೆ ತಣ್ಣಗಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಎದ್ದು ಕಥೆಗಳ ಹಸ್ತಪ್ರತಿಯನ್ನು ನನ್ನ ಕೈಗಿಟ್ಟು, ಈ ಕೆಲಸ ತಮ್ಮಿಂದ ಆಗುವುದಿಲ್ಲ ಎಂದರು. ಕಥೆಗಳನ್ನು ಮನೆಯಲ್ಲೇ ಓದಿ ರೆಕಾರ್ಡ್ ಮಾಡಿ ಮುಗಿಸಿದೆ. ದೊಡ್ಡಮ್ಮ ಅಷ್ಟನ್ನೂ ಕೇಳಿ, ಎರಡು ಕಡೆ ನನ್ನನ್ನು ತಿದ್ದಿ, ಮರುವರ್ಷ ತೀರಿಹೋದಳು. ಆ ರೆಕಾರ್ಡಿಂಗಿನಲ್ಲಿ ನನ್ನ ದನಿ ಬಿಟ್ಟರೆ ಬೇರೆ ಸದ್ದಿಲ್ಲ.

ಕರೆಂಟೇ ಇಲ್ಲದ ಕೋಣೆಗೆ ಅದು ಹೇಗೆ ಬಂತು, ಬಂದರೂ ನಮ್ಮಿಬ್ಬರಿಗೆ ಮಾತ್ರ ಏಕೆ ಕೇಳಿಸಿತು, ನನಗೆ ಬಗೆಹರಿದಿಲ್ಲ. ತಪ್ಪು ಮಾಡಿದ ಅಳುಕೇ ನನ್ನ ಕಿವಿಯಲ್ಲಿ ಸದ್ದಾಯಿತೆಂದರೆ, ಅವರ ಕಿವಿಯಲ್ಲಿ ಸದ್ದಾದದ್ದು ಯಾವುದು? ಸ್ಟುಡಿಯೋ ಮುಚ್ಚಿದೆ. ಮೊನ್ನೆ ದೇವರಾಜ ಮಾರುಕಟ್ಟೆಯಲ್ಲಿ ಅವರು ಸಿಕ್ಕಿದರು. ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡಿದ್ದರು. "ಅವತ್ತು ನಿಜವಾಗ್ಲೂ ಕೇಳಿಸ್ಲಿಲ್ವಾ ಮೇಡಂ?" ಎಂದು ಮತ್ತೆ ಕೇಳಿದರು. ಮನೆಯವರೆಲ್ಲ ಚೆನ್ನಾಗಿದ್ದಾರಾ ಎಂದು ವಿಚಾರಿಸಿ ಬಂದುಬಿಟ್ಟೆ. ನಿಜ ಹೇಳಿದರೆ ಆ ಸದ್ದು ಅಲ್ಲಿಗೇ ನಿಲ್ಲುತ್ತದೆಯೋ, ಇಲ್ಲ ನನ್ನ ಹಿಂದೆಯೇ ಮನೆಗೆ ನಡೆದು ಬರುತ್ತದೆಯೋ, ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಇನ್ನೂ ಹೇಳಿಲ್ಲ.