ಮುಟ್ಟದ ಫೋನು ಯಾರೊಡನೆ ಮಾತಾಡುತ್ತದೆ?

ಕಸ ಗುಡಿಸುವವರು ಇನ್ನೂ ಎರಡನೇ ಮಹಡಿಗೆ ಬಂದಿಲ್ಲ. ಕಿಟಕಿಯಾಚೆ ಬೆಳಕು ಈಗಷ್ಟೇ ಹರಿಯುತ್ತಿದೆ. ಖಾಲಿ ಮೇಜುಗಳ ಸಾಲಿನಲ್ಲಿ ಒಬ್ಬರೇ ಕೂತಿರುವ ಹೆಂಗಸು ಎದುರಿಗೊಂದು ಫೋನಿಟ್ಟು, ಕೈಕಟ್ಟಿ ಕಾಯುತ್ತಿದ್ದಾರೆ. ಆ ಫೋನು ಹೊರಗೆ ಕಳಿಸುವ ಒಂದೊಂದು ಸುದ್ದಿಯೂ ಪಕ್ಕದ ಕಂಪ್ಯೂಟರಿನ ಪರದೆಯಲ್ಲಿ ಸಾಲಾಗಿ ಮೂಡಬೇಕು. ಫೋನನ್ನು ಯಾರೂ ಮುಟ್ಟಿಲ್ಲ. ಆದರೂ ಒಂದು ಸಾಲು ಮೂಡುತ್ತದೆ.

"ನೋಡಿದ್ರಾ? ಯಾರೂ ಕರೀಲಿಲ್ಲ, ಏನೂ ಕೇಳ್ಲಿಲ್ಲ. ತಾನಾಗೇ ಹೋಗಿ ಯಾರಿಗೋ ಏನೋ ಊದಿ ಬಂತು," ಎನ್ನುತ್ತಾರೆ. "ಎಲ್ಲರೂ ಬಂದ್ಮೇಲೆ ಅವರವರ ಫೋನುಗಳ ಗದ್ದಲದಲ್ಲಿ ಯಾವ ಪಿಸುಮಾತು ಯಾರದು ಅಂತ ಗೊತ್ತಾಗಲ್ಲ. ಅದಕ್ಕೇ ಬೇಗ ಬರ್ತೀನಿ."

ಕಚೇರಿಯಲ್ಲಿ ಇವರಿಗೆ 'ಗುಮಾನಿ ಅಕ್ಕ' ಎಂದೇ ಹೆಸರು. ತಂತ್ರಾಂಶ ಪರೀಕ್ಷಿಸುವುದು ಕೆಲಸ. ಮನೆಯಲ್ಲಿ ನೊಂದವರು ಆಪ್ತಸಲಹೆಗಾರರಿಗೆ ತಮ್ಮ ಕಷ್ಟ ಬರೆದು ತಿಳಿಸುವ ಆ್ಯಪ್ ಒಂದನ್ನು ಈ ಸಂಸ್ಥೆ ನಡೆಸುತ್ತದೆ. ಎಷ್ಟು ಜನ ಬಂದರು, ಎಷ್ಟು ಪುಟ ಓದಿದರು, ಎಲ್ಲಿ ಬಿಟ್ಟುಹೋದರು ಎಂದು ಎಣಿಸುವ ಅನಾಲಿಟಿಕ್ಸ್ ಮಾತ್ರ ಹೊರಗಿನ ಕಂಪನಿಯದು. ಅದನ್ನು ಒಳಗೆ ತರುವ ದಾರಿಗಳನ್ನು ಅಕ್ಕ ಅಡುಗೆ ಹೇಳಿಕೊಟ್ಟಷ್ಟು ಸಲೀಸಾಗಿ ಹೇಳುತ್ತಾರೆ.

"ಅವರ ಕೋಡ್ ತಂದು ನಮ್ಮ ಆ್ಯಪ್ ಒಳಗೇ ಕೂರಿಸ್ಬಹುದು. ಸುಲಭ. ಆದ್ರೆ ನೆಂಟನ್ನ ಮನೆಯೊಳಗೆ ಬಿಟ್ಟು ನಾವು ಬೀದೀಲಿ ನಿಂತ ಹಾಗೆ. ಇಲ್ಲಾ, ಎಲ್ಲಾನೂ ಮೊದಲು ನಮ್ಮ ಸರ್ವರ್‌ಗೆ ತರಿಸ್ಕೊಂಡು, ಸೋಸಿ, ಬರೀ ಎಣಿಕೆ ಮಾತ್ರ ಅವರಿಗೆ ಕೊಡ್ಬಹುದು. ಇದಕ್ಕೆ ಮೈಮುರಿದು ದುಡೀಬೇಕು. ಆ ಎಣಿಕೆಯಿಂದ ಅವರು ಬರೆದ ನಕ್ಷೆಗಳನ್ನ ನಮ್ಮ ಪುಟದಲ್ಲಿ ಒಂದು ಚೌಕಟ್ಟು ಬಿಟ್ಟು ತೋರಿಸೋದೂ ಉಂಟು. ಅದನ್ನೂ ನಾನು ಪೂರ್ತಿ ನಂಬಲ್ಲ ಅನ್ನಿ."

ನಂಬದಿರುವುದು ಹಳೆಯ ಅಭ್ಯಾಸ. ಮೊದಲು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳ ಒಳಮೈ ಹೊರಗೆ ಮಾಡಿ ಹೊಲಿಗೆ ಪರೀಕ್ಷಿಸುತ್ತಿದ್ದರು. ಕಾರ್ಖಾನೆ ಮುಚ್ಚಿದಾಗ, ಕೈಗೂಸನ್ನು ಅತ್ತೆಯ ಮಡಿಲಲ್ಲಿ ಬಿಟ್ಟು ಸಂಜೆ ತರಗತಿಗೆ ಹೋಗಿ ಈ ವಿದ್ಯೆ ಕಲಿತರು. ಗಂಡ ಬಸ್ ಚಾಲಕ. "ನಾನು ಕೆಮ್ಮಿದ್ರೂ 'ನಿಜವಾದ ಕೆಮ್ಮಾ ಅತ್ತೆ?' ಅಂತ ಕೇಳೋಳು ನನ್ನ ಸೊಸೆ," ಎಂದು ಅತ್ತೆ ನಗುತ್ತಾರೆ.

ಕಳೆದ ವರ್ಷದ ಒಂದು ಮಧ್ಯಾಹ್ನ ಆ್ಯಪಿನ ಸಹಾಯವಾಣಿಯವರು ಒಂದು ಕರೆಯನ್ನು ಇವರಿಗೆ ದಾಟಿಸಿದರು. ಆ ಕಡೆ ಹೆಂಗಸೊಬ್ಬಳ ತಗ್ಗಿದ ದನಿ. "ಮನೆ ಬಿಟ್ಟು ಹೋಗೋದರ ಬಗ್ಗೆ ನಿಮ್ಮ ಆ್ಯಪಲ್ಲಿ ಓದಿದೆ. ಸಂಜೆ ನಮ್ಮನೆಯವರ ಫೋನಲ್ಲಿ ವಿಚ್ಛೇದನದ ವಕೀಲರ ಜಾಹೀರಾತು ಬಂತು. ನೀವು ಯಾರಿಗೆ ಹೇಳಿದ್ರಿ?" ಉತ್ತರ ಕೊಡುವ ಮೊದಲೇ ಕರೆ ಕಡಿಯಿತು.

ವ್ಯವಸ್ಥಾಪಕರು ತಲೆಕೆಡಿಸಿಕೊಳ್ಳಲಿಲ್ಲ. "ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಗಂಟು ಹಾಕ್ಬೇಡಿ," ಎಂದರು. ಅಕ್ಕನಿಗೆ ಮಾತ್ರ ಆ ದನಿ ಕಿವಿಬಿಟ್ಟು ಹೋಗಲಿಲ್ಲ. ಮೊದಲು ಗುಮಾನಿ ಹೋದದ್ದು ಪಕ್ಕದ ಮೇಜಿನ ಕನ್ನಡಕದಣ್ಣನ ಮೇಲೆ. ಹೊರಗಿನ ಕೋಡನ್ನು ಆ್ಯಪಿನೊಳಗೆ ಕೂರಿಸಿದ್ದು ಅವರೇ. ಅವರೊಡನೆ ಊಟಕ್ಕೆ ಕೂರುವುದನ್ನೇ ಅಕ್ಕ ಬಿಟ್ಟರು. ಬೆಳಗಿನ ಹೊತ್ತು ಫೋನಿನ ಮುಂದೆ ಕೂರುವುದು ಶುರುವಾದದ್ದು ಆಗಲೇ.

ಕೊನೆಗೊಮ್ಮೆ ಪರದೆಯ ಮೇಲೆ ಸಿಕ್ಕಿತು. ಎಷ್ಟು ಸಲ ಒತ್ತಿದರು ಎಂದು ಎಣಿಸಬೇಕಾದ ಕೋಡು, ಓದಿದ ಪುಟದ ತಲೆಬರಹವನ್ನೂ ಹೊತ್ತೊಯ್ಯುತ್ತಿತ್ತು: 'ಮನೆ ಬಿಡುವ ಮುನ್ನ'. ಜೊತೆಗೆ ಓದಿದವರ ಮನೆಯ ಇಂಟರ್ನೆಟ್ ವಿಳಾಸ. ಒಂದೇ ವೈಫೈ ಬಳಸುವ ಮನೆಯ ಫೋನುಗಳಿಗೆಲ್ಲ ಆ ವಿಳಾಸ ಒಂದೇ; ಹೆಂಡತಿ ಓದಿದ್ದರ ಜಾಹೀರಾತು ಗಂಡನ ಫೋನಿಗೂ ಹೋಗಬಹುದು.

ಕನ್ನಡಕದಣ್ಣನನ್ನು ಕರೆದು ತೋರಿಸಿದರು. ಅವರು ಪರದೆಗೆ ಬಾಗಿ ಓದಿದರು. "ಅಕ್ಕಾ, ಇದನ್ನ ಕಳಿಸು ಅಂತ ನಾನು ಹೇಳೇ ಇಲ್ಲ. ಅವರು ಹೇಳಿದ ಹಾಗೆ ತಂದು ಅಂಟಿಸಿದೆ, ಅಷ್ಟೇ."

"ಗೊತ್ತಾಯ್ತಣ್ಣ. ನಿಮ್ಮನ್ನ ಅನುಮಾನಿಸಿದ್ದು ತಪ್ಪಾಯ್ತು," ಎಂದರು ಅಕ್ಕ. ಇಬ್ಬರೂ ವ್ಯವಸ್ಥಾಪಕರ ಬಳಿಗೆ ಹೋದರು.

ಸೋಮವಾರ ಮೇಲಿನವರಿಗೆ ಹೊಸ ಆವೃತ್ತಿ, ಹೊಸ ನಕ್ಷೆ ಎರಡನ್ನೂ ತೋರಿಸಬೇಕಿತ್ತು. ಆಮೇಲೆ ನೋಡೋಣ ಎಂದರು ವ್ಯವಸ್ಥಾಪಕರು. "ನಾನು ಇದಕ್ಕೆ ಸರಿ ಅನ್ನಲ್ಲ ಸಾರ್," ಎಂದರು ಅಕ್ಕ. "ಬೇಕಿದ್ರೆ ನನ್ನ ತೆಗೆದುಹಾಕಿ ಇದನ್ನ ಬಿಡುಗಡೆ ಮಾಡಿ. ಆದ್ರೆ ಆ ಹೆಂಗಸು ಮತ್ತೆ ಫೋನ್ ಮಾಡಿದ್ರೆ ನೀವೇ ಎತ್ತಿ."

ವ್ಯವಸ್ಥಾಪಕರು ಅಕ್ಕನ ಮೇಜಿಗೆ ಬಂದು, ತಮ್ಮದೇ ಫೋನಿನಲ್ಲಿ ಆ ಪುಟ ತೆರೆದರು. ಸಾಲು ಪರದೆಯ ಮೇಲೆ ಮೂಡಿತು. "ಇದು ಈಗ ನನ್ನ ಹೆಸರಲ್ಲಿ ಹೋಯ್ತಾ?" ಎಂದು ಕೇಳಿದರು. ಆ ಸೋಮವಾರ ನಕ್ಷೆಗಳಿಲ್ಲದೇ ಕಳೆಯಿತು. ಹೊರಗಿನ ಕೋಡನ್ನು ಆ್ಯಪಿನಿಂದ ಕಿತ್ತು, ಸೋಸಿ ಕಳಿಸುವ ದಾರಿಯನ್ನು ಕನ್ನಡಕದಣ್ಣ ಹೊಸದಾಗಿ ಕಟ್ಟಿದರು. ಬೇರೇನಾದರೂ ಸೋರುತ್ತಿದೆಯೇ ಎಂದು ಅಕ್ಕ ಮಾತ್ರ ಇಂದಿಗೂ ಬೇಗ ಬಂದು ಕಾಯುತ್ತಾರೆ.

ಜಾಹೀರಾತು ಬಂದದ್ದು ಅದರಿಂದಲೇ ಏನು? ಹೊರಗಿನ ಕಂಪನಿ ಇಲ್ಲವೆಂದು ಬರೆದುಕೊಟ್ಟಿದೆ. "ಇಲ್ಲ ಅನ್ನೋದನ್ನ ಅವರು ಎಷ್ಟು ಬೇಗ ಅಂದ್ರು ನೋಡಿ," ಎಂದು ಅಕ್ಕ ಹುಬ್ಬೇರಿಸುತ್ತಾರೆ. ಸಾಬೀತು ಮಾಡಲು ಅಕ್ಕನ ಬಳಿ ಏನೂ ಇಲ್ಲ. ಆ ಹೆಂಗಸು ಮತ್ತೆ ಕರೆ ಮಾಡಲಿಲ್ಲ. ಅವಳೇನಾದಳೆಂದು ಅಕ್ಕನಿಗೆ ಗೊತ್ತಿಲ್ಲ.

ನಿಮ್ಮ ಆಸೆಯೇನು ಎಂದರೆ ಬಡ್ತಿಯ ಮಾತೆತ್ತುವುದಿಲ್ಲ. "ಯಾರೋ ಕೂತು ಮನಸಲ್ಲಿರೋದನ್ನ ಬರೀತಾರೆ. ಬರೆದು ಮುಚ್ಚಿಟ್ಟು, ಎದ್ದುಹೋಗಿ ಪಾತ್ರೆ ತೊಳೀತಾರೆ. ಅದನ್ನ ಇನ್ಯಾರಾದ್ರೂ ಓದಿದ್ರಾ ಅನ್ನೋ ಯೋಚನೆ ಅವರಿಗೆ ಬರಲೇಬಾರದು. ಆ ಗುಮಾನಿ ನನಗಿರ್ಲಿ, ಅವರಿಗೆ ಬೇಡ."