ಒಳಗೆ ಬಿಟ್ಟ ಬಟ್ಟೆ

ಆಂಧ್ರದ ಗಡಿಯೂರು ರಾಯದುರ್ಗದ ಜೀನ್ಸ್ ಕಾರ್ಖಾನೆಯಲ್ಲಿ ಪದ್ಮಾವತಮ್ಮನ ಹೊಲಿಗೆಗೆ ಒಳ್ಳೆಯ ಹೆಸರಿದೆ. ಆದರೆ ಅವಳಿಗೊಂದು ಚಾಳಿ. ಮನೆಯಲ್ಲಿ ಯಾರ ಬಟ್ಟೆ ಹೊಲಿದರೂ ಪಕ್ಕದ ಹೊಲಿಗೆಯೊಳಗೆ ಎರಡು ಬೆರಳು ಅಗಲದ ಬಟ್ಟೆ ಮಡಚಿ ಬಿಡುತ್ತಾಳೆ. ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಬಹುದಲ್ಲ! ಉಣ್ಣುವ ಮೈ ಬೆಳೆಯದೆ ಇರುತ್ತದೆಯೇ ಎಂಬುದು ಅವಳ ವಾದ.

ಮದುವೆಯಾದ ಹೊಸದರಲ್ಲಿ ಗಂಡ ಎರ್ರಿಸ್ವಾಮಿಯೊಡನೆ ಜಗಳವಾದದ್ದೂ ಇದಕ್ಕೇ. ಆಗ ಅವನು ಗೆಳೆಯ ಗೋವರ್ಧನ್ ಜೊತೆ 'ಕೋಟೆ ಸಿಡಿಲು' ಎಂಬ ಗ್ಲಾಮ್ ಮೆಟಲ್ ಸಂಗೀತದ ತಂಡ ಕಟ್ಟಿದ್ದ. ಕೆದರಿದ ಉದ್ದ ಕೂದಲು, ಕಣ್ಣಿಗೆ ಕಾಡಿಗೆ, ಗಿಟಾರಿನ ಅಬ್ಬರ, ಮೈಗಂಟಿದ ನೇರಳೆ ಸ್ಯಾಟಿನ್ ಪ್ಯಾಂಟು. ಪ್ಯಾಂಟು ಹೊಲಿದವಳು ಇವಳೇ.

"ಒಳಗ ಬಿಟ್ಟಿದ್ದೆಲ್ಲ ಕತ್ತರಿಸು. ಚರ್ಮದಂಗ ಕೂಡಬೇಕು," ಎಂದು ಅವನು ಹಟ ಹಿಡಿದ.

"ಕತ್ತರಿಸೀನಿ, ತಗೊಳ್ರಿ," ಎಂದಳು. ಕತ್ತರಿಸಿರಲಿಲ್ಲ. ಒತ್ತಿ ಇಸ್ತ್ರಿ ಮಾಡಿದ್ದಳು, ಅಷ್ಟೇ.

ತಂಡದ ಮೊದಲ ಆಲ್ಬಮ್ 'ಕಾಡಿಗೆ ಕಣ್ಣು' ಬಂದಾಗ ಯಾರೂ ಕಿವಿಗೊಡಲಿಲ್ಲ. ಹಾಡಿನಲ್ಲಿ ಒಂದು ಸಾಲು ಕನ್ನಡ, ಇನ್ನೊಂದು ತೆಲುಗು, ಮನೆಯಲ್ಲಿ ಮಾತಾಡುವ ಹಾಗೆಯೇ. ಬಳ್ಳಾರಿಯ ಅಂಗಡಿಯವರು ಸಿ.ಡಿ.ಯನ್ನು ತೆಲುಗಿನ ಕಪಾಟಿಗೆ ತಳ್ಳಿದರು, ಅನಂತಪುರದವರು ಕನ್ನಡದ ಕಪಾಟಿಗೆ. ಎರಡೂ ಕಡೆ ಧೂಳು ತಿಂದಿತು. ತಂಡ ವೇದಿಕೆ ಹತ್ತಿದ್ದು ಒಂದೇ ಸಲ. ಆಗ ಪದ್ಮಾವತಮ್ಮ ಭೈರವಾನಿತಿಪ್ಪದ ತವರಿನಲ್ಲಿ ಬಾಣಂತಿ. ಗಂಡ ಹಾಡುವುದನ್ನು ಕಣ್ಣಾರೆ ನೋಡಲಿಲ್ಲವಲ್ಲ ಎಂಬ ಕೊರಗೊಂದು ಅವಳಲ್ಲಿ ಉಳಿದುಬಿಟ್ಟಿತು. ಮಿಕ್ಕಂತೆ ಅವಳ ಸಂಸಾರಕ್ಕೆ ಯಾವ ಕೊರತೆಯೂ ಇಲ್ಲ. ಅವನೂ ಅದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಾನೆ, ಸಂಜೆ ಈರುಳ್ಳಿ ಹೆಚ್ಚುತ್ತಾ ಹಳೆಯ ಹಾಡನ್ನೇ ಗುನುಗುತ್ತಾನೆ.

ಈಚೆಗೆ ಒಂದು ದಿನ ಗೋವರ್ಧನ್ ಓಡಿಬಂದ. ಯಾರೋ ಇಂಟರ್ನೆಟ್ಟಿಗೆ ಹಾಕಿದ್ದ ಆ ಆಲ್ಬಮ್ಮನ್ನು ಬಳ್ಳಾರಿಯ ಹುಡುಗರು ಕೇಳಿ ಮೆಚ್ಚಿದ್ದಾರಂತೆ. ಭಾನುವಾರ ಅಲ್ಲಿ ಎಲ್ಲ ಹಾಡುಗಳನ್ನೂ ಹಾಡಬೇಕಂತೆ, ಅದೂ ಹಳೆಯ ವೇಷದಲ್ಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಎರ್ರಿಸ್ವಾಮಿಯ ಹೊಟ್ಟೆ ಆ ಗಾದೆ ಕೇಳಿರಲಿಲ್ಲ. ಪ್ಯಾಂಟು ಅರ್ಧಕ್ಕೇ ನಿಂತಿತು.

"ನಾ ಒಲ್ಲೆ. ಮಂದಿ ನಗ್ತಾರ," ಎಂದು ಮುಖ ಸಣ್ಣಗೆ ಮಾಡಿಕೊಂಡ.

ಪದ್ಮಾವತಮ್ಮ ಎದ್ದು ಬಂದಳು. ಕೈಗೆ ಬಂದದ್ದು ಎರಡನೇ ಸಲವೂ ತಪ್ಪಬೇಕೇ? "ಕೊಡ್ರಿ ಇಲ್ಲಿ," ಎಂದು ಪ್ಯಾಂಟು ಕಸಿದುಕೊಂಡು ಬ್ಲೇಡಿನಿಂದ ಹೊಲಿಗೆ ಬಿಚ್ಚಿದಳು. ಹೊರಗಿನ ಬಟ್ಟೆ ಮಾಸಿದ್ದರೂ ಒಳಗಿನದು ಇನ್ನೂ ಹೊಸದಾಗಿ ಮಿನುಗುತ್ತಿತ್ತು. ಬಿಟ್ಟು ಹೊಲಿದಾಗ ಎರಡೂ ಕಾಲಿನ ಪಕ್ಕಕ್ಕೆ ಕಡು ನೇರಳೆ ಪಟ್ಟಿ ಬಂತು.

"ಆವತ್ತು ಕತ್ತರಿಸೀನಿ ಅಂದಿದ್ದಿಯಲ್ಲ?"

"ಸುಳ್ಳು ಹೇಳಿದ್ದೆ. ಹಾಕ್ಕೊಳ್ರಿ."

ಭಾನುವಾರ ಅವಳು ಮುಂದಿನ ಸಾಲಿನಲ್ಲೇ ಕುಳಿತಳು. ಹುಡುಗರು ಕನ್ನಡದ ಸಾಲಿಗೂ ತೆಲುಗಿನ ಸಾಲಿಗೂ ದನಿಗೂಡಿಸಿದರು, ಪಟ್ಟಿಯ ಪ್ಯಾಂಟಿಗೆ ಶಿಳ್ಳೆ ಹೊಡೆದರು. ಅವಳು ಸಂತೋಷಕ್ಕೆ ಗಳಗಳನೆ ಅತ್ತಳು.

ವಾಪಸು ಬರುವ ಬಸ್ಸಿನಲ್ಲಿ ಎರ್ರಿಸ್ವಾಮಿ ಹೊಟ್ಟೆ ಸವರಿಕೊಂಡ. "ಮುಂದಿನ ವರ್ಷಾನೂ ಬರ್ರಿ ಅಂದಾರ. ಅಷ್ಟೊತ್ತಿಗೆ ಇದು ಇನ್ನೆಷ್ಟು ಬೆಳೀತದೋ."

"ಬೆಳೀಲಿ ಬಿಡ್ರಿ," ಎಂದಳು ಪದ್ಮಾವತಮ್ಮ. "ನಾ ಬಿಚ್ಚಿದ್ದು ಒಂದೇ ಬೆರಳು. ಇನ್ನೊಂದು ಒಳಗೈತಿ."